ನೀರು ಕುಡಿಸಿದರೂ ಮಗು ಸೋತದ್ದೇಕೆ? – ಉಪ್ಪು, ಸಕ್ಕರೆ ಮತ್ತು ಕರುಳಿನ ಜೋಡಿ ಬಾಗಿಲು



ಕಳೆದ ತಿಂಗಳ ಸಭೆಯಲ್ಲಿ ಅಜೆಂಡಾದ ವಿಷಯಗಳೆಲ್ಲ ಮುಗಿದು ಚಹಾ ಬಂದ ಹೊತ್ತಿಗೆ, ಅಕ್ಕಲಕೋಟೆ ಕಡೆಯ ಹಿರಿಯ ಸದಸ್ಯೆಯೊಬ್ಬರು ಒಂದು ಪ್ರಶ್ನೆ ಎತ್ತಿದರು. ಬೇಸಿಗೆಯಲ್ಲಿ ಅವರ ಎರಡು ವರ್ಷದ ಮೊಮ್ಮಗನಿಗೆ ವಾಂತಿಭೇದಿ ಆಗಿತ್ತು. ಮನೆಯವರು ಎರಡು ದಿನ ಕಾಯಿಸಿ ಆರಿಸಿದ ನೀರು ಕುಡಿಸಿದರು. ಅಂಗಡಿಯಿಂದ ಸಿಹಿ ಪಾನೀಯದ ಡಬ್ಬಿ ತಂದು ಅದನ್ನೂ ಕುಡಿಸಿದರು. ಆದರೂ ಮಗುವಿನ ಕಣ್ಣು ಒಳಗೆ ಹೋಗಿ, ಮೈ ಸೋತು, ಮೂರನೆಯ ದಿನ ಆಸ್ಪತ್ರೆಗೆ ಒಯ್ದು ಸಲೈನ್ ಹಚ್ಚಿಸಬೇಕಾಯಿತು. ದೇವರ ದಯೆ, ಮಗು ಈಗ ಆರಾಮ ಇದೆ. ಆದರೆ ಆ ತಾಯಿಯ ಪ್ರಶ್ನೆ ಹಾಗೇ ಉಳಿದಿತ್ತು.

"ಅಲ್ರೀ, ನೀರಂತೂ ಕುಡಿಸೇ ಕುಡಿಸೀವಿ. ಆ ನೀರು ಎಲ್ಲಿ ಹೋತು? ಡಾಕ್ಟರು ಒಂದು ಪುಡಿ ಪಾಕೀಟು ತೋರಿಸಿ, ಇದನ್ನ ಮೊದಲೇ ಕುಡಿಸಿದ್ರ ಸಲೈನ್ ಬೇಕಾಗ್ತಿರಲಿಲ್ಲ ಅಂದ್ರು. ಅದರಾಗ ಇರೋದು ಉಪ್ಪು, ಸಕ್ಕರಿ. ಅದರಾಗ ಔಷಧ ಏನೈತಿ?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಸದಸ್ಯರೊಬ್ಬರು ಆ ದಿನ ಅರ್ಧ ಗಂಟೆ, ಮುಂದೆ ಫೋನಿನಲ್ಲಿ ಎರಡು ಸಲ ನಮಗೆ ತಿಳಿಸಿ ಹೇಳಿದರು. ಕಾಸರಗೋಡಿನಲ್ಲಿ ಆರೋಗ್ಯ ಕೇಂದ್ರದ ಫಲಕ ಮಲಯಾಳದಲ್ಲಿ, ತಾಳವಾಡಿಯಲ್ಲಿ ತಮಿಳಿನಲ್ಲಿ, ಜತ್ತದಲ್ಲಿ ಮರಾಠಿಯಲ್ಲಿ, ಮಡಕಶಿರಾದಲ್ಲಿ ತೆಲುಗಿನಲ್ಲಿ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರು ಅದರ ಮುಂದೆ ನಿಂತು ಚಿತ್ರ ನೋಡಿ ಬರುತ್ತಾರೆ. ಆದ್ದರಿಂದ ಈ ವಿಷಯವನ್ನು ಕನ್ನಡದಲ್ಲಿ, ಕಾರಣಸಹಿತ, ಬರೆದಿಡುವುದು ಸಂಘದ ಕೆಲಸ ಎಂದು ಭಾವಿಸಿದೆವು.

ಜೀವಕೋಶಕ್ಕೆ ಎಣ್ಣೆಯ ಗೋಡೆ

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆದದ್ದೆಂದು ಶಾಲೆಯಲ್ಲಿ ಓದಿದ್ದೇವೆ. ಪ್ರತಿ ಕೋಶದ ಸುತ್ತ ಒಂದು ಪೊರೆ ಇದೆ. ಅದು ಎಷ್ಟು ತೆಳುವೆಂದರೆ, ಒಂದು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಒಂದು ಮಿಲಿಮೀಟರ್ ದಪ್ಪ ಆಗುವುದಿಲ್ಲ. ಈ ಪೊರೆ ಮುಖ್ಯವಾಗಿ ಕೊಬ್ಬಿನ ಕಣಗಳ ಎರಡು ಪದರ. ಅಂದರೆ ಎಣ್ಣೆಯಿಂದ ಕಟ್ಟಿದ ಗೋಡೆ.

ಒಂದು ಬಟ್ಟಲು ಶೇಂಗಾ ಎಣ್ಣೆಗೆ ಒಂದು ಚಮಚ ಉಪ್ಪು ಹಾಕಿ ಕಲಕಿ ನೋಡಿ. ಎಷ್ಟು ಕಲಕಿದರೂ ಉಪ್ಪು ಕರಗದೆ ತಳದಲ್ಲೇ ಕೂರುತ್ತದೆ. ಸಕ್ಕರೆಯ ಗತಿಯೂ ಅದೇ. ಕೋಶದ ಪೊರೆಯಲ್ಲಿಯೂ ಹೀಗೆಯೇ. ನಾವು ಉಸಿರಾಡುವ ಆಮ್ಲಜನಕ ಎಣ್ಣೆಯ ಪದರದ ಮೂಲಕ ತಾನಾಗಿಯೇ ದಾಟುತ್ತದೆ. ಉಪ್ಪು ನೀರಿನಲ್ಲಿ ಕರಗಿದಾಗ ಸಿಗುವ ಸೋಡಿಯಂ ಆಗಲಿ, ಸಕ್ಕರೆ ಜೀರ್ಣವಾದಾಗ ಸಿಗುವ ಗ್ಲೂಕೋಸ್ ಆಗಲಿ ಹಾಗೆ ದಾಟಲಾರವು. ನೀರು ಕೂಡ ಈ ಪದರದ ಮೂಲಕ ನಿಧಾನವಾಗಿಯೇ ಜಿನುಗುತ್ತದೆ.

ಹಾಗಾದರೆ ಉಂಡ ಅನ್ನ, ಕುಡಿದ ನೀರು ಒಳಗೆ ಹೋಗುವುದು ಹೇಗೆ? ಪೊರೆಯ ನಡುನಡುವೆ ಪ್ರೋಟೀನುಗಳು ನಾಟಿಕೊಂಡಿವೆ. ಅವೇ ಬಾಗಿಲುಗಳು. ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆಗಳಲ್ಲಿರುವ ಪೋಷಕಾಂಶ ಎಂದಷ್ಟೇ ನಾವು ತಿಳಿದಿರುತ್ತೇವೆ. ದೇಹದೊಳಗೆ ಕೆಲಸ ಮಾಡುವ ಯಂತ್ರಗಳಲ್ಲಿ ಬಹುಪಾಲು ಪ್ರೋಟೀನುಗಳೇ. ಅವುಗಳಲ್ಲಿ ಕೆಲವು ಈ ಸಾಗಾಣಿಕೆಗೇ ನೇಮಕಗೊಂಡಿವೆ.

ಮೂರು ಬಗೆಯ ಬಾಗಿಲು

ಮೊದಲನೆಯದು ಕಾಲುವೆ. ಪೊರೆಯ ಈ ಕಡೆಯಿಂದ ಆ ಕಡೆಗೆ ಒಂದು ಸಣ್ಣ ತೂತು, ಅಷ್ಟೇ. ಆದರೆ ತೂತಿನ ಅಳತೆ ಮತ್ತು ಒಳಮೈ ಹೇಗಿವೆಯೆಂದರೆ ಒಂದೊಂದು ಕಾಲುವೆ ಒಂದೊಂದು ವಸ್ತುವನ್ನು ಮಾತ್ರ ಬಿಡುತ್ತದೆ. ನೀರಿಗೆಂದೇ ಇರುವ ಕಾಲುವೆಗೆ ಅಕ್ವಾಪೋರಿನ್ ಎಂದು ಹೆಸರು. ಅದನ್ನು ಕಂಡುಹಿಡಿದ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕಾಲುವೆಯಲ್ಲಿ ವಸ್ತು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಇಳಿಜಾರಿನಂತೆ ಹರಿಯುತ್ತದೆ. ಶಕ್ತಿಯ ಖರ್ಚಿಲ್ಲ.

ಎರಡನೆಯದು ವಾಹಕ. ಇದರಲ್ಲಿ ತೆರೆದ ತೂತು ಇಲ್ಲ. ವಸ್ತು ಬಂದು ಪ್ರೋಟೀನಿನ ಒಂದು ಗೂಡಿನಲ್ಲಿ ಕೂರುತ್ತದೆ. ಆಗ ಪ್ರೋಟೀನ್ ತನ್ನ ಆಕಾರ ಬದಲಿಸಿ ಆ ಗೂಡನ್ನು ಇನ್ನೊಂದು ಕಡೆಗೆ ತೆರೆಯುತ್ತದೆ. ಒಂದು ಕಡೆ ಮುಚ್ಚಿದ ಮೇಲೆಯೇ ಇನ್ನೊಂದು ಕಡೆ ತೆರೆಯುತ್ತದೆ, ಎರಡೂ ಕಡೆ ಒಮ್ಮೆಲೇ ತೆರೆದಿರುವುದಿಲ್ಲ.

ಮೂರನೆಯದು ಪಂಪು. ಬಾವಿಯ ನೀರು ಮೇಲೆ ಬರಲು ಕರೆಂಟು ಬೇಕಾದಂತೆ, ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ವಸ್ತುವನ್ನು ದೂಡಲು ಶಕ್ತಿ ಬೇಕು. ನಮ್ಮ ಕೋಶಗಳಲ್ಲಿರುವ ಮುಖ್ಯ ಪಂಪು ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಪ್ರಕಟಿಸಿದರು. ನಲವತ್ತು ವರ್ಷ ಕಳೆದು, 1997ರಲ್ಲಿ, ಅವರಿಗೆ ನೊಬೆಲ್ ಬಂತು. ನಾವು ಸುಮ್ಮನೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಈ ಪಂಪಿಗೇ ಹೋಗುತ್ತದೆ.

ಇಲ್ಲಿ ನೆನಪಿಡಬೇಕಾದ ಮಾತು ಒಂದಿದೆ: ನೀರನ್ನು ನೇರವಾಗಿ ಎಳೆಯುವ ಪಂಪು ನಮ್ಮ ದೇಹದಲ್ಲಿಲ್ಲ. ಉಪ್ಪು, ಸಕ್ಕರೆಯಂಥ ವಸ್ತುಗಳು ಯಾವ ಕಡೆ ಹೋಗುತ್ತವೋ ನೀರು ಆ ಕಡೆ ಹಿಂಬಾಲಿಸುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ಒಸರಿರುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲ ಬಲ್ಲರು. ಉಪ್ಪು ಇರುವ ಕಡೆಗೆ ನೀರು ಬರುತ್ತದೆ. ನಮ್ಮ ಸದಸ್ಯೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಕರುಳಿನ ಜೋಡಿ ಬಾಗಿಲು

ಆರೋಗ್ಯವಂತ ದೊಡ್ಡವರ ಸಣ್ಣ ಕರುಳಿಗೆ ದಿನಕ್ಕೆ ಎಂಟು-ಒಂಬತ್ತು ಲೀಟರ್ ದ್ರವ ಬರುತ್ತದೆ. ಅದರಲ್ಲಿ ನಾವು ಕುಡಿದದ್ದು ಸುಮಾರು ಎರಡು ಲೀಟರ್. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ, ಕರುಳಿನ ರಸ. ಇಷ್ಟರಲ್ಲಿ ಮಲದೊಂದಿಗೆ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಮಿಕ್ಕಿದ್ದೆಲ್ಲ ಕರುಳಿನ ಗೋಡೆಯ ಕೋಶಗಳನ್ನು ದಾಟಿ ರಕ್ತಕ್ಕೆ ವಾಪಸು ಜಮೆ ಆಗುತ್ತದೆ.

ಈ ಜಮೆಯ ಲೆಕ್ಕದಲ್ಲಿ ಮುಖ್ಯವಾದ ಒಂದು ವಾಹಕ ಪ್ರೋಟೀನಿದೆ. ಅದರ ಹೆಸರು ಎಸ್‌ಜಿಎಲ್‌ಟಿ-1. ಇದರ ನಿಯಮ ವಿಚಿತ್ರ. ಗ್ಲೂಕೋಸ್ ಒಂದೇ ಬಂದರೆ ಒಳಗೆ ಬಿಡುವುದಿಲ್ಲ. ಸೋಡಿಯಂ ಒಂದೇ ಬಂದರೂ ಸಾಗಿಸುವುದಿಲ್ಲ. ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಯಾಗಿ ಬಂದು ಕೂತರೆ ಮಾತ್ರ ಬಾಗಿಲು ಒಳಗಡೆಗೆ ತಿರುಗುತ್ತದೆ. ಕಚೇರಿಯಲ್ಲಿ ಎರಡು ಸಹಿ ಇಲ್ಲದೆ ಚೆಕ್ಕು ಪಾಸಾಗದಂತೆ.

ಬಾಗಿಲು ತಿರುಗಲು ಬಲ ಎಲ್ಲಿಂದ ಬರುತ್ತದೆ? ಕೋಶದ ಇನ್ನೊಂದು ಬದಿಯಲ್ಲಿ, ರಕ್ತದ ಕಡೆ, ಮೇಲೆ ಹೇಳಿದ ಪಂಪು ಸದಾ ಸೋಡಿಯಂ ಅನ್ನು ಹೊರಹಾಕುತ್ತಿರುತ್ತದೆ. ಹೀಗಾಗಿ ಕೋಶದೊಳಗೆ ಸೋಡಿಯಂ ಯಾವಾಗಲೂ ಕಡಿಮೆ, ರಕ್ತದಲ್ಲಿರುವುದರ ಹತ್ತನೆಯ ಒಂದು ಪಾಲಿನಷ್ಟು. ಕರುಳಿನ ಕಡೆಯ ಸೋಡಿಯಂ ಆ ಇಳಿಜಾರಿನಲ್ಲಿ ಒಳಗೆ ನುಗ್ಗುವಾಗ ಗ್ಲೂಕೋಸನ್ನೂ ಕೈಹಿಡಿದು ಎಳೆದು ತರುತ್ತದೆ. ಒಳಗೆ ಬಂದ ಸೋಡಿಯಂ ಪಂಪಿನ ಮೂಲಕ, ಗ್ಲೂಕೋಸ್ ಇನ್ನೊಂದು ವಾಹಕದ ಮೂಲಕ ರಕ್ತದ ಕಡೆ ಸೇರುತ್ತವೆ. ಅವುಗಳ ಹಿಂದೆ ನೀರು ಹೋಗುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೋಡಿಯಾಗಿ ಸಾಗುತ್ತವೆ ಎಂಬ ವಿವರಣೆಯನ್ನು ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಮೊದಲು ಮಂಡಿಸಿದರು.

ಕಾಲರಾ ಕೆಡಿಸುವ ಬಾಗಿಲು, ಕೆಡಿಸದ ಬಾಗಿಲು

ಭೇದಿಯಲ್ಲಿ ಎಲ್ಲಕ್ಕಿಂತ ಭಯಂಕರವಾದದ್ದು ಕಾಲರಾ. ಹಳೆಯ ತಲೆಮಾರಿನವರು ಅದರ ಹೆಸರು ಹೇಳಲೂ ಅಂಜುತ್ತಿದ್ದರು. ಕಾಲರಾ ರೋಗಾಣು ಕರುಳಿನಲ್ಲಿ ಒಂದು ವಿಷ ಬಿಡುತ್ತದೆ, ಆ ವಿಷದಿಂದಲೇ ಭೇದಿ ಆಗುತ್ತದೆ ಎಂದು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ ಡೇ.

ಆ ವಿಷ ಮಾಡುವುದು ಬಾಗಿಲುಗಳ ಮೇಲಿನ ದಾಳಿ. ಕರುಳಿನ ಕೋಶಗಳಲ್ಲಿ ಕ್ಲೋರೈಡ್ ಹೊರಬಿಡುವ ಒಂದು ಕಾಲುವೆ ಇದೆ. ವಿಷ ಅದನ್ನು ತೆರೆದೇ ಇರುವಂತೆ ಮಾಡುತ್ತದೆ. ಕ್ಲೋರೈಡ್ ಕರುಳಿನೊಳಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅವುಗಳ ಹಿಂದೆ ನೀರು. ಜೊತೆಗೆ ಉಪ್ಪನ್ನು ಒಳಗೆಳೆದುಕೊಳ್ಳುವ ಸಾಮಾನ್ಯ ಬಾಗಿಲೊಂದನ್ನು ವಿಷ ಮುಚ್ಚಿಸುತ್ತದೆ. ಬರೀ ಉಪ್ಪುನೀರು ಕುಡಿಸಿದರೂ ಹೆಚ್ಚು ಉಪಯೋಗವಾಗದಿರಲು ಇದು ಕಾರಣ. ಬರೀ ನೀರು ಕುಡಿಸಿದರೆ ಅದನ್ನು ಒಳಗೆ ಕರೆದೊಯ್ಯುವ ಉಪ್ಪು ಜೊತೆಗಿಲ್ಲ. ಹೋದಷ್ಟು ನೀರು ರಕ್ತದಲ್ಲಿ ಉಳಿದ ಉಪ್ಪನ್ನು ಇನ್ನಷ್ಟು ತೆಳುವಾಗಿಸುತ್ತದೆ.

ಆದರೆ ನಮ್ಮ ಅದೃಷ್ಟಕ್ಕೆ, ಸೋಡಿಯಂ-ಗ್ಲೂಕೋಸ್ ಜೋಡಿ ಬಾಗಿಲನ್ನು ಕಾಲರಾ ವಿಷ ಕೆಡಿಸುವುದಿಲ್ಲ. ಎಲ್ಲ ಬಾಗಿಲುಗಳ ವ್ಯವಸ್ಥೆ ಹದಗೆಟ್ಟಾಗಲೂ ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಉಪ್ಪು, ಸಕ್ಕರೆ ಎರಡನ್ನೂ ಸರಿಯಾದ ಅಳತೆಯಲ್ಲಿ ನೀರಿಗೆ ಬೆರೆಸಿ ಕುಡಿಸಿದರೆ ನೀರು ಅದೇ ದಾರಿಯಲ್ಲಿ ರಕ್ತ ಸೇರುತ್ತದೆ. ಮಕ್ಕಳಿಗೆ ಆಗುವ ಸಾಮಾನ್ಯ ಭೇದಿಯಲ್ಲಿಯೂ ಕೆಲಸ ಮಾಡುವುದು ಇದೇ ಬಾಗಿಲು. ಪುಡಿ ಪಾಕೀಟಿನಲ್ಲಿ ಇರುವ 'ಔಷಧ' ಇದೇ.

ಗಡಿಯ ಒಂದು ಊರಿನಲ್ಲಿ, 1971

ಕೋಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಗುಣಪಡಿಸಿದ್ದನ್ನು ಬರೆದಿದ್ದರು. ಅದು ಏಕೆ ಕೆಲಸ ಮಾಡುತ್ತದೆಂಬ ವಿವರಣೆ ಆಗ ಇರಲಿಲ್ಲ, ವೈದ್ಯಲೋಕ ಕಿವಿಗೊಡಲಿಲ್ಲ. ಜೋಡಿ ಬಾಗಿಲಿನ ವಿಷಯ ತಿಳಿದ ಮೇಲೆ, 1968ರಲ್ಲಿ, ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಅಮೆರಿಕದ ವೈದ್ಯರು ಢಾಕಾದಲ್ಲಿ ಲೆಕ್ಕವಿಟ್ಟು ಪ್ರಯೋಗ ಮಾಡಿ ತೋರಿಸಿದರು. ಅಷ್ಟಾದರೂ, ಆಸ್ಪತ್ರೆಯ ಹೊರಗೆ, ಸಾಮಾನ್ಯ ಜನರ ಕೈಯಲ್ಲಿ ಇದನ್ನು ಕೊಡಬಹುದೇ ಎಂಬ ಸಂಶಯ ಉಳಿದಿತ್ತು.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯಲ್ಲಿ ತುಂಬಿದರು. ಗಡಿಯ ಬೊಂಗಾಂವ್ ಎಂಬ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಸಲೈನ್ ಮುಗಿಯುತ್ತ ಬಂದಿತ್ತು, ಅದನ್ನು ಹಚ್ಚಲು ಬಲ್ಲವರೂ ಸಾಲುತ್ತಿರಲಿಲ್ಲ. ಅಲ್ಲಿಗೆ ಬಂದ ಡಾ. ದಿಲೀಪ್ ಮಹಲನಬೀಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಪುಡಿಯ ಪೊಟ್ಟಣ ಮಾಡಿಸಿದರು. ಡ್ರಮ್ಮುಗಳಲ್ಲಿ ಕಲಸಿ ಇಟ್ಟರು. ರೋಗಿಯ ತಾಯಿ, ಅಕ್ಕ, ಅಣ್ಣಂದಿರ ಕೈಗೆ ಲೋಟ ಕೊಟ್ಟು ಕುಡಿಸಲು ಹೇಳಿದರು. ಅಲ್ಲಿಯವರೆಗೆ ನೂರು ರೋಗಿಗಳಲ್ಲಿ ಮೂವತ್ತರಷ್ಟು ಜನ ಸಾಯುತ್ತಿದ್ದಲ್ಲಿ, ಈ ನೀರು ಕುಡಿದವರಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಡಾ. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಆಮೇಲೆ ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಮನೆಮನೆಗೆ ನಡೆದು, ಒಂದು ಕೋಟಿಗೂ ಹೆಚ್ಚು ತಾಯಂದಿರಿಗೆ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲದ ನೀರು ಮಾಡುವುದನ್ನು ಕಲಿಸಿದರು. ನಮ್ಮ ಅಜ್ಜಿಯರು ಭೇದಿಯಾದ ಮಕ್ಕಳಿಗೆ ಉಪ್ಪು ಹಾಕಿದ ಗಂಜಿ ತಿಳಿ ಕುಡಿಸುತ್ತಿದ್ದರಲ್ಲ, ಅದೂ ದಾರಿ ತಪ್ಪಿದ ಕ್ರಮವಲ್ಲ. ಗಂಜಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ಉಪ್ಪಿನ ಜೊತೆ ಅದೇ ಬಾಗಿಲಿನಿಂದ ಒಳಗೆ ಹೋಗುತ್ತದೆ.

ಪಾಕೀಟಿನ ಲೆಕ್ಕ

ಈಗ ಬಳಕೆಯಲ್ಲಿರುವ ಒಆರ್‌ಎಸ್ ಪುಡಿಯ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ನಿಗದಿ ಮಾಡಿದೆ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪು, 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ; ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ. ಇದರಲ್ಲಿ ಸೋಡಿಯಂ ಕಣಗಳೂ ಗ್ಲೂಕೋಸ್ ಕಣಗಳೂ ಎಣಿಕೆಯಲ್ಲಿ ಸಮಸಮ. ಬಾಗಿಲಿಗೆ ಎರಡು ಸೋಡಿಯಂ ಬೇಕಲ್ಲ ಎಂದು ನಾವು ಕೇಳಿದೆವು. ದೇಹದ ರಸಗಳೊಂದಿಗೆ ಬಂದ ಸೋಡಿಯಂ ಕರುಳಿನಲ್ಲಿ ಮೊದಲೇ ಇರುತ್ತದೆ ಎಂದು ನಮ್ಮ ಅಧ್ಯಾಪಕರು ತಿಳಿಸಿದರು.

ಸಕ್ಕರೆ ಹೆಚ್ಚಾದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಜೋಡಿ ಸಿಗದ ಸಕ್ಕರೆ ಕರುಳಿನಲ್ಲೇ ಉಳಿದು, ಉಪ್ಪಿನಕಾಯಿ ಭರಣಿಯಂತೆ, ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುತ್ತದೆ. ಭೇದಿ ಹೆಚ್ಚುತ್ತದೆ. ಸಾಮಾನ್ಯ ತಂಪು ಪಾನೀಯಗಳಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಸೋಡಿಯಂ ತೀರ ಕಡಿಮೆ. ಸದಸ್ಯೆಯ ಮನೆಯಲ್ಲಿ ತಂದ ಡಬ್ಬಿಯ ವಿಷಯವೂ ಇದೇ. ಇಂಥ ಪಾನೀಯಗಳ ಹೆಸರಿನಲ್ಲಿ 'ಒಆರ್‌ಎಸ್' ಎಂಬ ಅಕ್ಷರಗಳನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಆದರೂ ಕೊಳ್ಳುವಾಗ ನೋಡುವುದು ನಮ್ಮ ಕೆಲಸ. ಔಷಧ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಎಂದೇ ಕೇಳಿ, ಪಾಕೀಟಿನ ಮೇಲೆ ಆ ಸಂಸ್ಥೆಯ ಹೆಸರು ಮತ್ತು ಮೇಲಿನ ಅಂಕಿಗಳು ಇವೆಯೇ ನೋಡಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ.

ಮನೆಯಲ್ಲಿ ಮಾಡುವ ತಪ್ಪುಗಳು

1. ಒಂದು ಲೀಟರಿನ ಪಾಕೀಟನ್ನು ಒಂದು ಲೋಟ ನೀರಿಗೆ ಸುರಿಯುವುದು. ಇದು ಅಪಾಯ, ಉಪ್ಪು ವಿಪರೀತವಾಗುತ್ತದೆ. 200 ಮಿಲಿಲೀಟರಿನ ಸಣ್ಣ ಪಾಕೀಟೂ ಬರುತ್ತದೆ. ಯಾವುದೆಂದು ಓದಿಸಿಕೊಂಡು, ಅಷ್ಟೇ ನೀರಿಗೆ, ಪೂರ್ತಿ ಪಾಕೀಟನ್ನು ಒಮ್ಮೆಲೇ ಹಾಕಿ. ಒಂದು ಲೀಟರಿನ ನೀರಿನ ಬಾಟಲಿ ಅಳತೆಗೆ ಒದಗುತ್ತದೆ.

2. ಅರ್ಧ ಪುಡಿ ಇಂದು, ಅರ್ಧ ನಾಳೆ ಎನ್ನುವುದು. ಪುಡಿಯಲ್ಲಿ ಉಪ್ಪು ಒಂದು ಕಡೆ, ಗ್ಲೂಕೋಸ್ ಒಂದು ಕಡೆ ಕೂತಿರಬಹುದು, ಅಳತೆ ತಪ್ಪುತ್ತದೆ. ಕಲಸಿದ ನೀರನ್ನು 24 ಗಂಟೆ ಇಡಬಹುದು, ಆಮೇಲೆ ಚೆಲ್ಲಿಬಿಡಿ.

3. ರುಚಿಗೆಂದು ಮತ್ತೆ ಸಕ್ಕರೆ, ಹಾಲು, ಹಣ್ಣಿನ ರಸ ಬೆರೆಸುವುದು. ಬೇಡ.

4. ಭೇದಿ ನಿಲ್ಲಲಿಲ್ಲ ಎಂದು ಕುಡಿಸುವುದನ್ನು ಬಿಡುವುದು. ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ಒಆರ್‌ಎಸ್ ಭೇದಿ ನಿಲ್ಲಿಸುವ ಔಷಧವಲ್ಲ. ಹೋದ ನೀರನ್ನು ತುಂಬಿಕೊಡುವ ದಾರಿ. ಭೇದಿ ತಾನಾಗಿ ನಿಲ್ಲುವವರೆಗೆ ಜೀವ ಹಿಡಿದಿಡುವುದೇ ಅದರ ಕೆಲಸ.

5. ವಾಂತಿಯಾಯಿತೆಂದು ನಿಲ್ಲಿಸುವುದು. ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಕೊಡಿ.

6. ಎದೆಹಾಲು, ಊಟ ಬಿಡಿಸುವುದು. ಎರಡನ್ನೂ ಮುಂದುವರಿಸಿ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಬೇಕೆನಿಸಿದಷ್ಟು. ಮಕ್ಕಳಿಗೆ ಜೊತೆಯಲ್ಲಿ 14 ದಿನ ಜಿಂಕ್ ಮಾತ್ರೆಯನ್ನೂ ಕೊಡುತ್ತಾರೆ, ಪ್ರಮಾಣ ಕೇಳಿ ತಿಳಿಯಿರಿ. ಪಾಕೀಟು ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಕುಡಿಸುವ ಮೊದಲು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು.

ಮಗು ಮಂಕಾಗಿದ್ದರೆ, ಕುಡಿಯಲು ಆಗದಿದ್ದರೆ, ಕಣ್ಣು ಗುಳಿಬಿದ್ದರೆ, ಬಹಳ ಹೊತ್ತು ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಎರಡು ತಿಂಗಳೊಳಗಿನ ಕೂಸಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದಾರಿಯುದ್ದಕ್ಕೂ ಕುಡಿಸುತ್ತಲೇ ಇರಿ. ಹೃದಯ, ಮೂತ್ರಪಿಂಡದ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಸಕ್ಕರೆ ಕಾಯಿಲೆಯ ಸದಸ್ಯರಿಗೆ ಒಂದು ಮಾತು

ಈ ಬಾಗಿಲಿಗೆ ಮೂತ್ರಪಿಂಡದಲ್ಲಿ ಒಬ್ಬ ತಮ್ಮನಿದ್ದಾನೆ, ಎಸ್‌ಜಿಎಲ್‌ಟಿ-2. ಮೂತ್ರಪಿಂಡ ಸೋಸಿದ ಗ್ಲೂಕೋಸಿನಲ್ಲಿ ಹೆಚ್ಚಿನ ಪಾಲನ್ನು ರಕ್ತಕ್ಕೆ ಮರಳಿಸುವುದು ಅದರ ಕೆಲಸ. ನಮ್ಮಲ್ಲಿ ಹಲವರು ನುಂಗುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಈ ಬಾಗಿಲನ್ನೇ ತಡೆಯುತ್ತವೆ. ಹೆಚ್ಚಿನ ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾದರೆ ಅದೇ ದಿನ ವೈದ್ಯರಿಗೆ ಫೋನು ಮಾಡಿ, ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ.

ಕೊನೆಯದಾಗಿ

ಸದಸ್ಯೆಯ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ನೀವು ಕುಡಿಸಿದ ನೀರು ಕರುಳಿನ ಬಾಗಿಲವರೆಗೆ ಹೋಗಿತ್ತು. ಜೋಡಿ ಇಲ್ಲದ್ದರಿಂದ ಸಾಕಷ್ಟು ಒಳಗೆ ಹೋಗಲಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ತಿಳಿಸಬೇಕಾದವರು ತಿಳಿಯುವ ಭಾಷೆಯಲ್ಲಿ ತಿಳಿಸಿರಲಿಲ್ಲ.

ಜುಲೈ 29 ಒಆರ್‌ಎಸ್ ದಿನ. ಆ ದಿನದೊಳಗೆ ಎಲ್ಲ ಶಾಖೆಗಳೂ ತಮ್ಮ ವಾಚನಾಲಯದ ಫಲಕದಲ್ಲಿ ಮೇಲಿನ ಆರು ಅಂಶಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಕಬೇಕೆಂದು ಕೋರುತ್ತೇವೆ. ಪ್ರತಿ ಮನೆಯಲ್ಲಿ ಎರಡು ಪಾಕೀಟು ಇರಲಿ. ಓದು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳು ಇದನ್ನು ಓದಿ ಹೇಳಲಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ